ಕ್ಯಾಮೆರಾದೊಳಗೆ ಸಿಕ್ಕಿಕೊಂಡ ಫೋಟೋಗಳನ್ನು ಲಿನಕ್ಸ್ ಲ್ಯಾಪ್‌ಟಾಪ್‌ಗೆ ಇಳಿಸಿದ ಹದಿನೇಳು ದಿನ

ನಾನು ಕಂಪ್ಯೂಟರ್ ಕಲಿತವಳಲ್ಲ. ತೋಟದ ಲೆಕ್ಕ, ಕೆಲಸದವರ ವಾರದ ಬಟವಾಡೆ, ಮಳೆ ಎಷ್ಟು ಇಂಚು ಬಂತು ಅಂತ ಬರೆದಿಡೋದು, ಇಷ್ಟಕ್ಕೇ ನಮ್ಮ ಮನೆಯಲ್ಲಿ ಲ್ಯಾಪ್‌ಟಾಪ್ ಇರುವುದು. ಆದರೂ ಇದನ್ನು ಬರೆಯುತ್ತಿದ್ದೇನೆ. ನನ್ನ ಹಾಗೆ ಹಳೇ ಕ್ಯಾಮೆರಾ, ಲಿನಕ್ಸ್ (ವಿಂಡೋಸ್ ಬದಲಿಗೆ ಹಾಕುವ ಉಚಿತ ವ್ಯವಸ್ಥೆ) ಹಾಕಿದ ಹಳೇ ಲ್ಯಾಪ್‌ಟಾಪ್ ಇಟ್ಟುಕೊಂಡು ತಲೆ ಚಚ್ಚಿಕೊಳ್ಳುವವರು ಇನ್ನೂ ಯಾರಾದರೂ ಇದ್ದೇ ಇರುತ್ತಾರೆ.

ನಮ್ಮ ಮನೆ ಮಡಿಕೇರಿಯಿಂದ ಹನ್ನೆರಡು ಕಿಲೋಮೀಟರ್ ದೂರ, ಗುಡ್ಡದ ಬದಿಯಲ್ಲಿದೆ. ಜುಲೈ 17ರ ಬೆಳಗಿನ ಜಾವ ಮನೆ ಹಿಂದಿನ ಬರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ, ಕುಸಿಯಿತು. ಅಡುಗೆಮನೆಯ ಹಿಂಬಾಗಿಲು ಅರ್ಧ ಮುಚ್ಚಿಹೋಯಿತು, ಸೌದೆ ಕೊಟ್ಟಿಗೆ ಪೂರ್ತಿ ಮಣ್ಣಿನಡಿ. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. 2018ರ ಆಗಸ್ಟ್ ನೋಡಿದವರಿಗೆ ಇದು ದೊಡ್ಡ ಕುಸಿತವೇ ಅಲ್ಲ. ಆದರೆ ನಮ್ಮ ಹಿಂಬಾಗಿಲು ನಮಗೆ ದೊಡ್ಡದು ಅಲ್ವಾ?

ಯಜಮಾನರು ಮೈಸೂರಿಗೆ ಹೋಗಿದ್ದರು. ನನ್ನ ಫೋನು ಅದಕ್ಕೆ ಎರಡು ದಿನ ಮುಂಚೆ ಚರಂಡಿ ಬಿಡಿಸುವಾಗ ನೀರಿಗೆ ಬಿದ್ದು ಸತ್ತಿತ್ತು. ಹಾಗಾಗಿ ಕಪಾಟಿನಿಂದ ಕ್ಯಾಮೆರಾ ತೆಗೆದೆ. ಕ್ಯಾನನ್ 1100ಡಿ, 2011ರಲ್ಲಿ ಬಂದ ಮಾದರಿ. ಮಗ ಕಾಲೇಜಿನಲ್ಲಿದ್ದಾಗ ಹಟ ಮಾಡಿ ಕೊಡಿಸಿಕೊಂಡದ್ದು. ನಮ್ಮ ಮಳೆಗಾಲದ ಥಂಡಿಗೆ ಲೆನ್ಸಿನೊಳಗೆ ಬೂಷ್ಟು ಹಿಡಿಯುತ್ತದೆ ಅಂತ ಬಿಗಿ ಮುಚ್ಚಳದ ಡಬ್ಬದಲ್ಲಿ, ಚಪ್ಪಲಿ ಪೆಟ್ಟಿಗೆಗಳಲ್ಲಿ ಬರುವ ಸಿಲಿಕಾ ಪೊಟ್ಟಣಗಳ ಜೊತೆ ಇಟ್ಟಿದ್ದೆ. ಬ್ಯಾಟರಿ ಹಾಕಿದೆ. ದಿನಾಂಕ ಹಾಕಿ ಅಂತ ಏನೋ ಕೇಳಿತು. ಆ ಹೊತ್ತಿನಲ್ಲಿ ದಿನಾಂಕ ಯಾರಿಗೆ ಬೇಕು? ಬಟನ್ ಒತ್ತಿ ಮುಂದೆ ಹೋದೆ. ಈ ತಪ್ಪಿನ ಕಥೆ ಕೊನೆಗೆ ಬರುತ್ತದೆ.

ಕೊಡೆ ಹಿಡಿದುಕೊಂಡು ನಲವತ್ತು ಫೋಟೋ ತೆಗೆದೆ. ಮಧ್ಯಾಹ್ನ ಜೆಸಿಬಿ ಬಂತು, ಸಂಜೆಯೊಳಗೆ ಅರ್ಧ ಮಣ್ಣು ತೆಗೆದರು. ಮಾರನೇ ದಿನ ಕಂದಾಯದವರು ಬಂದು ಸ್ಥಳ ಮಹಜರು ಮಾಡಿದರು. ಹೋಗುವಾಗ, "ಮಣ್ಣು ತೆಗೆಯೋ ಮುಂಚಿನ ಫೋಟೋ ಇದ್ಯಾ ಅಮ್ಮ? ಇದ್ರೆ ಪರಿಹಾರದ ಅರ್ಜಿ ಜೊತೆ ಪ್ರಿಂಟ್ ಹಾಕಿ ಕೊಡಿ" ಅಂದರು. ಇದೆ ಅಂದೆ. ಜೊತೆಗೆ ಪಹಣಿ, ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ. ನಮ್ಮದು ಜಮ್ಮಾ ಜಾಗ, ಅಂದರೆ ಕೊಡಗಿನ ಹಳೇ ವಂಶಪಾರಂಪರ್ಯ ಹಿಡುವಳಿ, ಪಹಣಿಯಲ್ಲಿ ಕುಟುಂಬದ ಹಿರಿಯ ಪಟ್ಟೆದಾರರ ಹೆಸರು ಬೇರೆ. ಆ ರಾಮಾಯಣ ಕೊಡಗಿನವರಿಗೆ ಗೊತ್ತೇ ಇದೆ, ಇಲ್ಲಿ ಬೇಡ.

ಕಾರ್ಡ್ ತೆಗೆದು ಲ್ಯಾಪ್‌ಟಾಪಿಗೆ ಹಾಕಿದರೆ ಮುಗಿಯಿತು ಅಂದುಕೊಂಡೆ. ಈ ಮಾದರಿಯಲ್ಲಿ ಕಾರ್ಡ್ ಇರುವುದು ಕೆಳಗೆ, ಬ್ಯಾಟರಿ ಬಾಗಿಲಿನೊಳಗೆ. ಒತ್ತಿದರೆ ಟಕ್ ಅಂತ ಮೇಲೆ ಬರಬೇಕು. ಬರಲಿಲ್ಲ. ಕಾರ್ಡಿನ ಮೇಲಿನ ಸ್ಟಿಕ್ಕರ್ ಥಂಡಿಗೆ ಎದ್ದು ಒಳಗೇ ಅಂಟಿಕೊಂಡಿತ್ತು. ಪಕ್ಕದ ಮನೆ ಹುಡುಗ ಚಿಮಟ ತಂದ. ಬೇಡಪ್ಪಾ ಅಂದೆ. ಕಾರ್ಡ್ ಮುರಿದರೆ ಫೋಟೋ ಹೋಯಿತು, ಮಣ್ಣನ್ನಂತೂ ವಾಪಸ್ ತಂದು ಸುರಿಯೋಕಾಗಲ್ಲ. ರಿಪೇರಿಯವರಿಗೆ ಫೋನ್ ಮಾಡಿಸಿದರೆ ಮೈಸೂರಿಗೆ ತನ್ನಿ, ಒಂದು ವಾರ ಬಿಟ್ಟು ಹೋಗಬೇಕು ಅಂದರು. ಮೈಸೂರು ನಮಗೆ 120 ಕಿಲೋಮೀಟರ್ ಮೇಲೆ. ಉಳಿದದ್ದು ಒಂದೇ ದಾರಿ, ಕ್ಯಾಮೆರಾಕ್ಕೇ ವೈರ್ ಹಾಕಿ ಲ್ಯಾಪ್‌ಟಾಪಿಗೆ ಜೋಡಿಸೋದು.

ಲ್ಯಾಪ್‌ಟಾಪಿನ ಕಥೆ ಸ್ವಲ್ಪ ಹೇಳಬೇಕು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲುತ್ತದೆ ಅಂತ ಪರದೆಯ ಮೇಲೆ ಸೂಚನೆ ಬರ್ತಾ ಇತ್ತು. ನಮ್ಮದು ಹಳೇದು, ವಿಂಡೋಸ್ 11 ಹಿಡಿಸಲ್ಲ. ಬೇಸಿಗೆಯಲ್ಲಿ ಬೆಂಗಳೂರಿನಿಂದ ಬಂದ ಮಗ ಅದನ್ನು ಅಳಿಸಿ ಲಿನಕ್ಸ್ ಮಿಂಟ್ ಹಾಕಿ ಹೋದ. ಲೆಕ್ಕದ ಫೈಲುಗಳೆಲ್ಲ ತೆರೆಯುತ್ತಿದ್ದವು, ಮೊದಲಿಗಿಂತ ಬೇಗ ಕೂಡ. ದೂರು ಇರಲಿಲ್ಲ.

ಡ್ರಾಯರಿನಲ್ಲಿ ಹುಡುಕಿದಾಗ ಕ್ಯಾಮೆರಾಕ್ಕೆ ಹಿಡಿಸುವ ಒಂದು ವೈರ್ ಸಿಕ್ಕಿತು. ಇಲ್ಲಿ ಗಮನಿಸಿ, ಆ ಕಾಲದ ಕ್ಯಾಮೆರಾಗಳದ್ದು ಮಿನಿ ಯುಎಸ್‌ಬಿ. ಈಗಿನ ಫೋನಿನ ಸಿ ಅಲ್ಲ, ಅದಕ್ಕೂ ಮುಂಚಿನ ಫೋನುಗಳ ಚಪ್ಪಟೆ ಮೈಕ್ರೋ ಕೂಡ ಅಲ್ಲ. ಅದಕ್ಕಿಂತ ದಪ್ಪ, ಗಿಡ್ಡ. ಜೋಡಿಸಿದೆ, ಕ್ಯಾಮೆರಾ ಆನ್ ಮಾಡಿದೆ. ಏನೂ ಆಗಲಿಲ್ಲ. ಶಬ್ದ ಇಲ್ಲ, ಕಿಟಕಿ ಇಲ್ಲ, ಚಿತ್ರ ಇಲ್ಲ. ಲಿನಕ್ಸ್ ಹಾಕಿದ್ದಕ್ಕೇ ಹೀಗಾಯಿತು ಅಂತ ಮಗನ ಮೇಲೆ ಸಿಟ್ಟು ಬಂತು.

ಸಿಟ್ಟು ತೋರಿಸೋಕೂ ನಮ್ಮಲ್ಲಿ ಕಣಕ್ಕೆ ಹೋಗಬೇಕು. ಕಾಫಿ ಒಣಗಿಸುವ ಕಣದ ಕೆಳಗಿನ ಮೂಲೆಯಲ್ಲಿ ಮಾತ್ರ ನೆಟ್‌ವರ್ಕ್ ಸಿಗುವುದು. ಮಳೆಗಾಲದಲ್ಲಿ ಕಣ ಪೂರ್ತಿ ಪಾಚಿ, ಕಾಲಿಟ್ಟರೆ ಜಾರುತ್ತದೆ. ಯಜಮಾನರ ಫೋನ್ ಒಂದು ಕೈಯಲ್ಲಿ, ಕೊಡೆ ಇನ್ನೊಂದು ಕೈಯಲ್ಲಿ.

"ಅವ್ವ, ಟರ್ಮಿನಲ್ ತೆಗೆದು ಎಲ್ ಎಸ್ ಯು ಎಸ್ ಬಿ ಅಂತ ಟೈಪ್ ಮಾಡು. ಐದು ಅಕ್ಷರ, ಎಲ್ಲ ಸಣ್ಣಕ್ಷರ, ಮಧ್ಯೆ ಜಾಗ ಬಿಡ್ಬೇಡ."

"ಲ್ಯಾಪ್‌ಟಾಪ್ ಒಳಗಿದೆ, ನಾನು ಹೊರಗಿದ್ದೀನಿ."

"ಬರ್ಕೋ ಹಾಗಿದ್ರೆ."

ಮಳೆ ಅಳತೆ ಬರೆಯುವ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಂಡೆ. ಟರ್ಮಿನಲ್ ಅಂದರೆ ಆಜ್ಞೆಗಳನ್ನು ಟೈಪ್ ಮಾಡಿ ಕೊಡುವ ಕಿಟಕಿ. ಮುಂದಿನ ಎರಡು ವಾರ ನಮ್ಮ ವ್ಯವಹಾರ ಹೀಗೇ ನಡೆಯಿತು. ಅವನು ಹೇಳೋದು, ನಾನು ಬರೆದುಕೊಳ್ಳೋದು, ಒಳಗೆ ಹೋಗಿ ಟೈಪ್ ಮಾಡೋದು, ಬಂದ ಉತ್ತರ ಬರೆದುಕೊಂಡು ಮತ್ತೆ ಕಣಕ್ಕೆ ಹೋಗಿ ಓದೋದು.

ಈ ಐದು ಅಕ್ಷರದ ಆಜ್ಞೆ ಯುಎಸ್‌ಬಿಗೆ ಜೋಡಿಸಿದ ಎಲ್ಲದರ ಪಟ್ಟಿ ಕೊಡುತ್ತದೆ. ಕ್ಯಾಮೆರಾ ಜೋಡಿಸದೆ ಒಮ್ಮೆ, ಜೋಡಿಸಿ ಆನ್ ಮಾಡಿ ಒಮ್ಮೆ ಕೊಡಬೇಕು. ಎರಡನೇ ಸಲ ಒಂದು ಸಾಲು ಜಾಸ್ತಿ ಇರಬೇಕು. ನನಗೆ ಎರಡೂ ಸಲ ಐದೇ ಸಾಲು. ಅಂದರೆ ಲ್ಯಾಪ್‌ಟಾಪಿಗೆ ಕ್ಯಾಮೆರಾ ಕಂಡೇ ಇಲ್ಲ. ತಪ್ಪು ಲಿನಕ್ಸಿನದ್ದಲ್ಲ, ಅಲ್ಲಿಗೆ ಸುದ್ದಿಯೇ ಮುಟ್ಟಿಲ್ಲ.

ವೈರ್ ಯಾವುದರದ್ದು ಅಂತ ಮಗ ಕೇಳಿದ. ಯೋಚಿಸಿದೆ. ಕರೆಂಟ್ ಹೋದಾಗ ಹಚ್ಚುವ ಹಳೇ ಚಾರ್ಜಿಂಗ್ ಲೈಟಿನದ್ದು! ಯುಎಸ್‌ಬಿ 2 ವೈರಿನೊಳಗೆ ನಾಲ್ಕು ಎಳೆ ಇರಬೇಕಂತೆ, ಎರಡು ಕರೆಂಟಿಗೆ, ಎರಡು ಮಾಹಿತಿಗೆ. ಬರೀ ಚಾರ್ಜಿಂಗಿಗೆ ಅಂತ ಮಾಡಿದ ಅಗ್ಗದ ವೈರುಗಳಲ್ಲಿ ಮಾಹಿತಿಯ ಎರಡು ಎಳೆ ಹಾಕಿರೋದೇ ಇಲ್ಲ. ಹೊರಗಿನಿಂದ ನೋಡಿದರೆ ಒಂದಿಷ್ಟೂ ವ್ಯತ್ಯಾಸ ಗೊತ್ತಾಗಲ್ಲ. ನೀವು ಸಾಫ್ಟ್‌ವೇರಿಗೆ ಕೈ ಹಾಕುವ ಮುಂಚೆ ದಯವಿಟ್ಟು ವೈರ್ ಬದಲಿಸಿ ನೋಡಿ. ನಾನು ಇಲ್ಲೇ ನಾಲ್ಕು ದಿನ ಕಳೆದೆ.

ವೈರ್ ಹುಡುಕೋದು ಇನ್ನೊಂದು ಕಥೆ. ಮಡಿಕೇರಿಯಲ್ಲಿ ಮೂರು ಅಂಗಡಿ ಕೇಳಿದೆ. ಎಲ್ಲರ ಹತ್ತಿರವೂ ಸಿ ವೈರೇ. ಒಬ್ಬ ಹುಡುಗ ಕ್ಯಾಮೆರಾ ನೋಡಿ, "ಆಂಟಿ, ಇದು ನನ್ ವಯಸ್ಸಿಂದು" ಅಂದ. ಕೊನೆಗೆ ಕುಶಾಲನಗರದಲ್ಲಿ ಒಂದು ಹಳೇ ಅಂಗಡಿಯ ಅಟ್ಟದ ಪೆಟ್ಟಿಗೆಯಲ್ಲಿ ಸಿಕ್ಕಿತು, 120 ರೂಪಾಯಿ. ಹೋಗುವಾಗ ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆಯ ಸೊನ್ನೆ ಟಿಕೆಟ್, ಬರುವಾಗ ಖಾಸಗಿ ಬಸ್ಸು. ಚಾರ್ಜಿಂಗ್ ವೈರ್ ಅಲ್ಲ, ಡೇಟಾ ವೈರ್ ಬೇಕು ಅಂತ ಬಾಯಿಬಿಟ್ಟು ಕೇಳಿ. ಆದರೆ ಕ್ಯಾಮೆರಾ ಜೊತೆಗೇ ಒಯ್ದು, ಅಂಗಡಿಯವರ ಕಂಪ್ಯೂಟರಿಗೆ ಹಾಕಿ ನೋಡಿಯೇ ದುಡ್ಡು ಕೊಡಿ.

ಮನೆಗೆ ಬಂದರೆ ಕರೆಂಟ್ ಇಲ್ಲ. ಲೈನ್ ಮೇಲೆ ಸಿಲ್ವರ್ ಮರ ಬಿದ್ದಿತ್ತು. ಮೂರು ದಿನ ಹಾಗೇ. ಕ್ಯಾಮೆರಾ ಬ್ಯಾಟರಿಯೂ ಖಾಲಿ. ಈ ಮಾದರಿ ಯುಎಸ್‌ಬಿ ವೈರಿನಿಂದ ಚಾರ್ಜ್ ಆಗುವುದಿಲ್ಲ, ಬ್ಯಾಟರಿ ತೆಗೆದು ಅದರದ್ದೇ ಚಾರ್ಜರಿಗೆ ಹಾಕಬೇಕು. ಮೂರು ದಿನ ಕಾಫಿ ಕುಡಿದುಕೊಂಡು ಮಳೆ ನೋಡಿದೆ.

ಕರೆಂಟ್ ಬಂದ ರಾತ್ರಿ ಬ್ಯಾಟರಿ ತುಂಬಿಸಿ ಹೊಸ ವೈರ್ ಜೋಡಿಸಿದೆ. ಪಟ್ಟಿಯಲ್ಲಿ ಆರನೇ ಸಾಲು ಬಂತು! 04ಎ9 ಅನ್ನೋ ಸಂಖ್ಯೆ, ಪಕ್ಕದಲ್ಲಿ ಕ್ಯಾನನ್ ಅಂತ ಹೆಸರು. ಆ ಸಂಖ್ಯೆ ಕ್ಯಾನನ್ ಕಂಪನಿಯ ಗುರುತು, ಯಾವ ಮಾದರಿಯಾದರೂ ಮೊದಲ ಭಾಗ ಅದೇ. ಡೆಸ್ಕ್‌ಟಾಪಿನಲ್ಲಿ ಕ್ಯಾಮೆರಾದ ಚಿತ್ರವೂ ತಾನಾಗಿ ಬಂತು. ಒತ್ತಿದರೆ ಡಿಸಿಐಎಂ ಅನ್ನೋ ಫೋಲ್ಡರ್, ಅದರೊಳಗೆ ಇನ್ನೊಂದು, ಅದರೊಳಗೆ ಸಾಲುಸಾಲು ಫೋಟೋ. ಒಂದೊಂದೇ ಚಿಕ್ಕ ಚಿತ್ರ ಮೂಡತೊಡಗಿತು. ಹದಿನೈದೋ ಇಪ್ಪತ್ತೋ ಬಂದಿರಬೇಕು, ಎಲ್ಲ ನಿಂತಿತು. ಕ್ಯಾಮೆರಾ ಆಫ್ ಆಗಿತ್ತು.

ಇದು ಬಹಳ ಜನ ಎಡವುವ ಜಾಗವಂತೆ. ಬ್ಯಾಟರಿ ಉಳಿಸೋಕೆ ಕ್ಯಾಮೆರಾ ಸುಮ್ನೆ ಬಿಟ್ಟರೆ ತಾನೇ ಮಲಗುತ್ತದೆ. ನಮ್ಮದರಲ್ಲಿ ಅದು 30 ಸೆಕೆಂಡಿಗೆ ಇತ್ತು. ಮೆನುವಿನಲ್ಲಿ ಆಟೋ ಪವರ್ ಆಫ್ ಅಂತ ಇರುತ್ತದೆ, ಅದನ್ನು ಆಫ್‌ಗೆ ಇಡಬೇಕು. ವೈರ್ ಜೋಡಿಸುವ ಮುಂಚೆಯೇ ಮಾಡಿಕೊಳ್ಳಿ.

ಮಲಗುವುದನ್ನು ನಿಲ್ಲಿಸಿದ ಮೇಲೂ ಅದು ಎಳೆದೆಳೆದು ನಡೆಯಿತು. ಕಾರ್ಡಿನಲ್ಲಿ 1,140 ಫೋಟೋ, ಹಳೇ ಹೂಮಳೆಯದ್ದು, ಪುತ್ತರಿಯದ್ದು ಎಲ್ಲ ಇದ್ದವು. ಬರೆಯ ಫೋಟೋ ಎಲ್ಲಕ್ಕಿಂತ ಕೊನೆಗೆ. ಕೆಳಗೆ ಹೋಗುವಷ್ಟರಲ್ಲಿ ಕಿಟಕಿ ಸಿಕ್ಕಿಹಾಕಿಕೊಳ್ಳುತ್ತಿತ್ತು. ಪೆನ್‌ಡ್ರೈವ್ ಹಾಕಿದರೆ ಇಷ್ಟು ಕಷ್ಟ ಇಲ್ಲವಲ್ಲ ಅಂತ ಮಗನನ್ನು ಕೇಳಿದೆ. ಅವನು ಹೇಳಿದ್ದು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ.

ಪೆನ್‌ಡ್ರೈವ್ ಅಂದರೆ ಉಗ್ರಾಣದ ಬೀಗದ ಕೈಯನ್ನೇ ಕೊಟ್ಟ ಹಾಗೆ. ಕಂಪ್ಯೂಟರ್ ಒಳಗೆ ನುಗ್ಗಿ ಬೇಕಾದ್ದು ತೆಗೆದುಕೊಳ್ಳುತ್ತದೆ. ಕ್ಯಾಮೆರಾ ಹಾಗಲ್ಲ. ಅದು ಪಿಟಿಪಿ ಅನ್ನೋ ಪದ್ಧತಿಯಲ್ಲಿ ಮಾತಾಡುತ್ತದೆ, ಫೋಟೋ ಸಾಗಿಸೋಕೇ ಮಾಡಿದ ಪದ್ಧತಿ. ಬೀಗದ ಕೈ ತನ್ನ ಸೊಂಟದಲ್ಲೇ ಇಟ್ಟುಕೊಂಡು, ಪಡಿತರ ಅಂಗಡಿಯವರ ಹಾಗೆ ಕೇಳಿದ್ದನ್ನು ಒಂದೊಂದಾಗಿ ಎತ್ತಿ ಕೊಡುತ್ತದೆ. ಇದರಲ್ಲಿ ಒಂದು ಲಾಭವೂ ಇದೆ. ಕಾರ್ಡನ್ನು ಓದುವುದು ಕ್ಯಾಮೆರಾವೇ ಆದ್ದರಿಂದ ಅದರ ಫಾರ್ಮ್ಯಾಟ್ ಯಾವುದು, ಲಿನಕ್ಸಿಗೆ ಅದು ಬರುತ್ತಾ ಅಂತ ಚಿಂತೆ ಇಲ್ಲ. ಆದರೆ ಕೌಂಟರಿನಲ್ಲಿ ಒಂದು ಸಲಕ್ಕೆ ಒಬ್ಬರೇ ನಿಲ್ಲಬಹುದು. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ. (ಕೆಲವು ಕ್ಯಾಮೆರಾಗಳ ಮೆನುವಿನಲ್ಲಿ ಯುಎಸ್‌ಬಿ ಕನೆಕ್ಷನ್ ಅಂತ ಇದ್ದು, ಅಲ್ಲಿ ಮಾಸ್ ಸ್ಟೋರೇಜ್ ಆರಿಸಬಹುದು. ಸೋನಿಯವುಗಳಲ್ಲಿ ನೋಡಿದ್ದೇನೆ. ಹಾಗೆ ಆರಿಸಿದರೆ ಅದು ಪೆನ್‌ಡ್ರೈವ್ ಥರವೇ ತೆರೆಯುತ್ತದೆ. ಅಂಥ ಕ್ಯಾಮೆರಾ ಇದ್ದರೆ ನೀವು ಇಲ್ಲಿಗೇ ಓದೋದು ನಿಲ್ಲಿಸಬಹುದು.)

ಕ್ಯಾಮೆರಾ ಜೊತೆ ನೆಟ್ಟಗೆ ಮಾತಾಡೋಕೆ ಜಿಫೋಟೋ2 ಅನ್ನೋ ಉಚಿತ ಪ್ರೋಗ್ರಾಂ ಇದೆ. ಎರಡು ಸಾವಿರಕ್ಕೂ ಹೆಚ್ಚು ಮಾದರಿಯ ಕ್ಯಾಮೆರಾಗಳು ಅದಕ್ಕೆ ಗೊತ್ತು. ಕಿಟಕಿ, ಬಟನ್ ಇರುವ ಡಿಜಿಕ್ಯಾಮ್, ಶಾಟ್‌ವೆಲ್ ಥರದ ಪ್ರೋಗ್ರಾಮುಗಳೂ ಒಳಗೆ ಇದರ ಕೋಡಿನ ಭಂಡಾರವನ್ನೇ ಬಳಸುತ್ತವಂತೆ. ನಮ್ಮ ಲ್ಯಾಪ್‌ಟಾಪಿಗೆ ಇವು ದೊಡ್ಡ ಹೊರೆ, ಜಿಫೋಟೋ2 ಚಿಕ್ಕದು. ಆದರೆ ಅದನ್ನು ಇಳಿಸಿಕೊಳ್ಳೋಕೆ ಇಂಟರ್ನೆಟ್ ಬೇಕು. ಇಂಟರ್ನೆಟ್ ಇರೋದು ಕಣದ ಮೂಲೆಯಲ್ಲಿ!

ಲ್ಯಾಪ್‌ಟಾಪನ್ನು ಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಯ್ದೆವು. ಯಜಮಾನರು ಎರಡು ಕೊಡೆ ಹಿಡಿದರು. ನಾನು ಕುರ್ಚಿ ಮೇಲೆ ಕೂತು ಫೋನಿನ ಹಾಟ್‌ಸ್ಪಾಟಿಗೆ ಜೋಡಿಸಿದೆ. ಲ್ಯಾಪ್‌ಟಾಪಿನ ಬ್ಯಾಟರಿ ಹನ್ನೆರಡು ನಿಮಿಷ ಬರುತ್ತದೆ, ಅಷ್ಟರಲ್ಲಿ ಮುಗಿಯಬೇಕು. ಒಂಬತ್ತನೇ ನಿಮಿಷಕ್ಕೆ ಮುಗಿಯಿತು. ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಏನಂದುಕೊಂಡರೋ!

ಒಳಗೆ ಬಂದು ಪುಸ್ತಕ ನೋಡಿಕೊಂಡು ಟೈಪ್ ಮಾಡಿದೆ. ಜಿಫೋಟೋ2, ಒಂದು ಜಾಗ, ಎರಡು ಅಡ್ಡಗೆರೆ (ಹೈಫನ್), ಆಟೋ, ಒಂದು ಅಡ್ಡಗೆರೆ, ಡಿಟೆಕ್ಟ್. ಮೊದಲ ಸಲ ಎರಡು ಅಡ್ಡಗೆರೆಯ ಬದಲು ಒಂದೇ ಹಾಕಿ ಬೈಸಿಕೊಂಡೆ. ಸರಿಮಾಡಿದ ಮೇಲೆ ಕ್ಯಾಮೆರಾದ ಹೆಸರು ಬಂತು. ಗೆದ್ದೆ ಅಂದುಕೊಂಡು ಫೋಟೋ ಇಳಿಸುವ ಆಜ್ಞೆ ಕೊಟ್ಟೆ. ಒಂದು ಪರದೆ ತುಂಬ ಇಂಗ್ಲಿಷ್. ಅದರಲ್ಲಿ 'ಕುಡ್ ನಾಟ್ ಕ್ಲೇಮ್ ದ ಯುಎಸ್‌ಬಿ ಡಿವೈಸ್' ಅಂತ ಒಂದು ಸಾಲು, ಕೆಳಗೆ ಮೈನಸ್ 53 ಅಂತ ತಪ್ಪಿನ ಸಂಖ್ಯೆ. ಆ ರಾತ್ರಿ ನಿಜವಾಗಿ ಅಳು ಬಂತು. ಫೋಟೋಗಳು ಅಲ್ಲೇ ಇವೆ, ಹೆಸರು ಕಾಣುತ್ತದೆ, ಕೈಗೆ ಸಿಗಲ್ಲ.

ಬೆಳಿಗ್ಗೆ ಕಣದಲ್ಲಿ ಆ ಸಾಲು ಓದಿದ ಕೂಡಲೇ ಮಗ ನಕ್ಕ. "ಅವ್ವ, ಕೌಂಟರಲ್ಲಿ ಇನ್ನೊಬ್ಬ ನಿಂತಿದ್ದಾನೆ." ಕ್ಯಾಮೆರಾ ಜೋಡಿಸಿದ ತಕ್ಷಣ ಡೆಸ್ಕ್‌ಟಾಪಿನಲ್ಲಿ ಚಿತ್ರ ಬಂತಲ್ಲ, ಅದನ್ನು ತಂದದ್ದು ಜಿವಿಎಫ್‌ಎಸ್ ಅನ್ನೋ ಹಿನ್ನೆಲೆಯ ಪ್ರೋಗ್ರಾಂ. ಉಪಕಾರ ಮಾಡೋಕೆ ಅಂತ ಅದು ಮುಂಚೆಯೇ ಹೋಗಿ ಕ್ಯಾಮೆರಾವನ್ನು ಹಿಡಿದುಕೊಂಡಿದೆ. ಅದು ಬಿಡುವ ತನಕ ಜಿಫೋಟೋ2ಗೆ ಸರದಿ ಇಲ್ಲ. ಪರಿಹಾರ ಎಷ್ಟು ಸಣ್ಣದು ಅಂದರೆ, ಫೈಲ್ ಕಿಟಕಿಯ ಎಡಗಡೆ ಕ್ಯಾಮೆರಾದ ಹೆಸರಿನ ಪಕ್ಕ ಮೇಲ್ಮುಖ ಬಾಣದ ಗುರುತಿದೆ, ಅದನ್ನು ಒಮ್ಮೆ ಒತ್ತಬೇಕು. ವೈರ್ ಕೀಳಬೇಡಿ, ಕ್ಯಾಮೆರಾ ಆಫ್ ಮಾಡಬೇಡಿ. ಹಾಗೆ ಮಾಡಿ ಮತ್ತೆ ಜೋಡಿಸಿದರೆ ಅದು ಮತ್ತೆ ಓಡಿ ಹೋಗಿ ಹಿಡಿದುಕೊಳ್ಳುತ್ತದೆ. ನಾನು ಎರಡು ಸಲ ಹಾಗೇ ಮಾಡಿದೆ.

ಕೆಲವರು ಈ ತಪ್ಪು ಬಂದರೆ ಆಜ್ಞೆಯ ಶುರುವಿಗೆ ಸುಡೋ (ಪೂರ್ಣ ಅಧಿಕಾರದಲ್ಲಿ ನಡೆಸು ಅನ್ನೋ ಪದ) ಅಂತ ಸೇರಿಸಿ ಅನ್ನುತ್ತಾರೆ. ಬೇಡ. ಇಲ್ಲಿ ಜಗಳ ಅಧಿಕಾರದ್ದಲ್ಲ, ಸರದಿಯದ್ದು. ಮೇಲಾಗಿ ಹಾಗೆ ಇಳಿಸಿದ ಫೋಟೋಗಳೆಲ್ಲ ರೂಟ್ (ಆ ಪೂರ್ಣಾಧಿಕಾರಿಯ) ಹೆಸರಿಗೆ ಆಗಿ, ಆಮೇಲೆ ನಿಮ್ಮದೇ ಫೋಟೋ ತಿದ್ದೋಕೆ ನಿಮಗೇ ಅನುಮತಿ ಇರಲ್ಲ.

ಇನ್ನೊಂದು ಮಾತು. ಇಳಿಸುವ ಮುಂಚೆ ಹೊಸ ಫೋಲ್ಡರ್ ಮಾಡಿ, ಅದರೊಳಗೆ ಬಲಗುಂಡಿ ಒತ್ತಿ ಅಲ್ಲಿಂದಲೇ ಟರ್ಮಿನಲ್ ತೆಗೆಯಿರಿ. ಜಿಫೋಟೋ2 ನಾವು ಎಲ್ಲಿ ನಿಂತಿದ್ದೇವೋ ಅಲ್ಲೇ ಸುರಿಯುತ್ತದೆ. ನನ್ನ ಮೊದಲ ಮುನ್ನೂರು ಫೋಟೋ ಲೆಕ್ಕದ ಫೈಲುಗಳ ನಡುವೆ ಬಿದ್ದವು, ಬಟವಾಡೆ ಪಟ್ಟಿಯ ಪಕ್ಕ ಕಾಫಿ ಹೂವು.

ಆಜ್ಞೆ ಇಷ್ಟೇ. ಜಿಫೋಟೋ2, ಜಾಗ, ಎರಡು ಅಡ್ಡಗೆರೆ, ಗೆಟ್ ಆಲ್ ಫೈಲ್ಸ್, ಮೂರು ಪದದ ನಡುವೆ ಒಂದೊಂದು ಅಡ್ಡಗೆರೆ. ಎಲ್ಲ ಇಂಗ್ಲಿಷಿನ ಸಣ್ಣಕ್ಷರದಲ್ಲಿ. ಇದೇ ಧಾಟಿಯಲ್ಲಿ ಡಿಲೀಟ್ ಆಲ್ ಫೈಲ್ಸ್ ಅಂತಲೂ ಒಂದಿದೆ. ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳೋಕೂ ಹೋಗಬೇಡಿ.

ಸಾಲುಗಳು ಸರಸರ ಓಡತೊಡಗಿದವು. ಏಳುನೂರು ಚಿಲ್ಲರೆ ಆಗುವಾಗ ಕರೆಂಟ್ ಹೋಯಿತು. ಲ್ಯಾಪ್‌ಟಾಪ್ ಹನ್ನೆರಡು ನಿಮಿಷ ಎಣಿಸಿ ಕಣ್ಣು ಮುಚ್ಚಿತು. ಮಾರನೇ ದಿನ ಮೊದಲಿನಿಂದ ಇಳಿಸಬೇಕಾಗಲಿಲ್ಲ. ಅದೇ ಆಜ್ಞೆಯ ಕೊನೆಗೆ ಜಾಗ ಬಿಟ್ಟು, ಎರಡು ಅಡ್ಡಗೆರೆ ಹಾಕಿ ಸ್ಕಿಪ್ ಎಕ್ಸಿಸ್ಟಿಂಗ್ ಅಂತ (ನಡುವೆ ಒಂದು ಅಡ್ಡಗೆರೆ) ಸೇರಿಸಿದರೆ ಬಂದದ್ದನ್ನು ಬಿಟ್ಟು ಉಳಿದದ್ದು ತರುತ್ತದೆ. ಕೊನೆಯ ಫೋಟೋ ಅರ್ಧ ಬಂದಿದ್ದರೆ ಅಂತ ಅದೊಂದನ್ನು ಅಳಿಸಿ ಶುರು ಮಾಡಿದೆ.

ಆಗಸ್ಟ್ 3, ಕೊಡಗಿನ ಕಕ್ಕಡ ತಿಂಗಳ ಹದಿನೆಂಟನೇ ದಿನ. ಒಲೆಯ ಮೇಲೆ ಮದ್ದುಸೊಪ್ಪಿನ ಪಾಯಸ ಕುದಿಯುತ್ತಿತ್ತು, ಮನೆಯೆಲ್ಲ ಅದರ ವಾಸನೆ. ಮೇಜಿನ ಮೇಲಿನ ಲ್ಯಾಪ್‌ಟಾಪಿನಲ್ಲಿ ಬರೆಯ ಫೋಟೋ ನಲವತ್ತೂ ಬಂದು ಕೂತವು. ಸೌಟು ಕೈಯಲ್ಲೇ ಇತ್ತು, ಹಾಗೇ ನಿಂತು ನೋಡಿದೆ. ಪಾಯಸ ತಳ ಹಿಡಿಯಿತು.

ಈಗ ದಿನಾಂಕದ ವಿಷಯ. ಫೋಟೋದೊಳಗೆ ತೆಗೆದ ದಿನ, ಸಮಯ ಎಲ್ಲ ಸೇರಿಕೊಂಡಿರುತ್ತದೆ. ಬಹಳ ದಿನ ಬ್ಯಾಟರಿ ಇಲ್ಲದೆ ಇದ್ದ ಕ್ಯಾಮೆರಾದ ಗಡಿಯಾರ ಹಿಂದೆ ಹೋಗಿತ್ತು, ಕೇಳಿದಾಗ ನಾನು ಸರಿಮಾಡಿರಲಿಲ್ಲ. ಹಾಗಾಗಿ ಜುಲೈ 17ರ ಕುಸಿತ ಎಷ್ಟೋ ವರ್ಷ ಹಿಂದಿನ ಜನವರಿಯದ್ದು ಅಂತ ತೋರಿಸುತ್ತಿತ್ತು. ಜನವರಿಯಲ್ಲಿ ಕೊಡಗಿನಲ್ಲಿ ಯಾವ ಬರೆ ಕುಸಿಯುತ್ತದೆ? ಎಕ್ಸಿಫ್‌ಟೂಲ್ ಅನ್ನೋ ಪ್ರೋಗ್ರಾಂನಿಂದ ಎಲ್ಲ ಫೋಟೋದ ದಿನಾಂಕ ಒಂದೇ ಸಲ ಸರಿಮಾಡಬಹುದು ಅಂತ ಮಗ ಹೇಳಿದ. ಮನೆಯ ಆಲ್ಬಮ್ಮಿಗಾದರೆ ಖಂಡಿತ ಮಾಡಿ. ಸರ್ಕಾರಕ್ಕೆ ಕೊಡುವ ಫೋಟೋದಲ್ಲಿ ದಿನಾಂಕ ತಿದ್ದೋದು ನನಗೆ ಸರಿ ಕಾಣಲಿಲ್ಲ. ತಿದ್ದಿದ್ದು ನಿಜವೇ ಆದರೂ ತಿದ್ದಿದ್ದೇ. ಇದ್ದ ಹಾಗೇ ಪ್ರಿಂಟ್ ಹಾಕಿಸಿ, ಕ್ಯಾಮೆರಾದ ಗಡಿಯಾರ ತಪ್ಪಿತ್ತು, ತೆಗೆದ ದಿನ ಇಂಥದ್ದು, ಮಾರನೇ ದಿನ ಮಹಜರು ಆಗಿದೆ ಅಂತ ಅರ್ಜಿಯಲ್ಲೇ ಎರಡು ಸಾಲು ಬರೆದೆ. ತೆಗೆದುಕೊಂಡವರು ಓದಿ, "ಆಯ್ತು ಬಿಡಿ" ಅಂದರು.

ಹನ್ನೆರಡು ಪ್ರಿಂಟಿಗೆ 180 ರೂಪಾಯಿ, ವೈರಿಗೆ 120, ಬಸ್ಸು, ಜೆರಾಕ್ಸ್ ಸೇರಿ ನಾಲ್ಕುನೂರರ ಹತ್ತಿರ ಹತ್ತಿರ ಆಯಿತು. ಅರ್ಜಿ ಇನ್ನೂ ಅವರ ಮೇಜಿನ ಮೇಲಿದೆ. ಕಾರ್ಡ್ ಇನ್ನೂ ಕ್ಯಾಮೆರಾದೊಳಗೇ ಇದೆ, ಬಿಸಿಲು ಬಂದ ಮೇಲೆ ಸ್ಟಿಕ್ಕರ್ ಒಣಗಿ ಬಿಡುತ್ತದೇನೋ ನೋಡಬೇಕು. ಡೇಟಾ ವೈರಿಗೆ ಕೆಂಪು ದಾರ ಕಟ್ಟಿ ಕ್ಯಾಮೆರಾದ ಡಬ್ಬದೊಳಗೇ ಇಟ್ಟಿದ್ದೇನೆ. ಚಾರ್ಜಿಂಗ್ ಲೈಟಿನ ವೈರನ್ನು ಯಜಮಾನರು ಮೊನ್ನೆ ಅವರೆ ಬಳ್ಳಿ ಕಟ್ಟೋಕೆ ಒಯ್ದರು.